ಹೆಂಚಿನ ಮೇಲೆ ಹೋದ ಹಲ್ಲು

ಕಳೆದ ಬೇಸಿಗೆಯ ಒಂದು ಸಂಜೆ ಬೆಂಗಳೂರಿನಿಂದ ಮೊಮ್ಮಗಳ ಫೋನು. ಅವಳಿಗೆ ಆರೂವರೆ ವರ್ಷ. "ತಾತ, ನನ್ನ ಹಲ್ಲು ಬಿತ್ತು" ಎನ್ನುವಾಗ ಮಾತಿಗಿಂತ ಗಾಳಿಯೇ ಹೆಚ್ಚು ಕೇಳಿಸಿತು. ಆಮೇಲೆ ಒಂದು ಪ್ರಶ್ನೆ: "ದಿಂಬಿನ ಕೆಳಗೆ ಇಟ್ರೆ ರಾತ್ರಿ ಹಲ್ಲಿನ ಕಿನ್ನರಿ ಬಂದು ದುಡ್ಡು ಇಟ್ಟು ಹೋಗ್ತಾಳಂತೆ. ನಿಮಗೆ ಎಷ್ಟು ಕೊಡ್ತಿದ್ಲು?"

ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಊರವರ ದುಡ್ಡು ಎಣಿಸಿದವನು ನಾನು. ಈ ಲೆಕ್ಕ ಮಾತ್ರ ಯಾವ ಲೆಡ್ಜರಿನಲ್ಲೂ ಇರಲಿಲ್ಲ. "ನಮ್ಮೂರಿಗೆ ಕಿನ್ನರಿ ಬರ್ತಿರಲಿಲ್ಲ ಕಣವ್ವ. ನಮ್ಮ ಹಲ್ಲೆಲ್ಲ ಹೆಂಚಿನ ಮೇಲೆ ಹೋಗ್ತಿತ್ತು" ಎಂದೆ.

"ಅಯ್ಯೋ, ದೋಸೆ ಹೆಂಚಿನ ಮೇಲಾ?"

ತಪ್ಪು ಅವಳದಲ್ಲ. ಅವಳು ಹುಟ್ಟಿ ಬೆಳೆದ ಮನೆ ಐದನೇ ಮಹಡಿಯಲ್ಲಿದೆ. ತಲೆಯ ಮೇಲೆ ಇನ್ನೊಬ್ಬರ ಮನೆ. ಹೆಂಚಿನ ಮಾಡನ್ನು ಅವಳು ಕಂಡದ್ದೇ ಕಡಿಮೆ. ಆದ್ದರಿಂದ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ ಮಕ್ಕಳೇ.

ನಮ್ಮದು ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು. ಶ್ರೀಕೃಷ್ಣದೇವರಾಯನ ದಂಡಯಾತ್ರೆಗಳ ಪಾಠದಲ್ಲಿ ಈ ಹೆಸರು ನಿಮಗೆ ಸಿಗುತ್ತದೆ. ನಾನು ಚಿಕ್ಕವನಿದ್ದಾಗ ನಮ್ಮದು ನಾಡಹೆಂಚಿನ ತೊಟ್ಟಿಮನೆ. ಹಲ್ಲು ಬಿದ್ದರೆ ಅದನ್ನು ಮೊದಲು ಅಜ್ಜಿಯ ಕೈಗೆ ಕೊಡಬೇಕು. ಅಜ್ಜಿ ಕೊಟ್ಟಿಗೆಯಿಂದ ಹಸಿ ಸಗಣಿ ತಂದು, ಅದರೊಳಗೆ ಹಲ್ಲಿಟ್ಟು, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡುತ್ತಿದ್ದರು. ನಾವು ಅಂಗಳದಲ್ಲಿ ನಿಂತು ಮಾಡಿನ ಮೇಲೆ ಬೀರಬೇಕು. ಹಳೆಯದನ್ನು ತಗೋ, ಹೊಸದನ್ನು ಕೊಡು ಎಂದು ಇಲಿಯನ್ನು ಕೇಳಿಕೊಳ್ಳಬೇಕು. ಹಲ್ಲು ಕಾಗೆಯ ಕಣ್ಣಿಗೆ ಬಿದ್ದರೆ ಹೊಸದು ಹುಟ್ಟುವುದಿಲ್ಲವಂತೆ, ಅದಕ್ಕೇ ಸಗಣಿಯ ಮುಸುಕು. ಅಕ್ಕಿಕಾಳಿನಷ್ಟು ಹಲ್ಲು ಮಾಡಿನವರೆಗೆ ಹಾರಲು ಒಂದಿಷ್ಟು ಭಾರವೂ ಬೇಕಲ್ಲ! ಉಂಡೆ ಜಾರಿ ಕೆಳಗೆ ಬಿದ್ದರೆ ಇನ್ನೊಂದು ಸಲ. ಆಮೇಲೆ ಕೈ ತೊಳೆದು ಬಂದವರಿಗೆ ಮಾತ್ರ ಬೆಲ್ಲದ ಚೂರು. ನಮಗೆ ಸಿಗುತ್ತಿದ್ದ ಬಡ್ಡಿ ಅಷ್ಟೇ. ಕೆಲವು ಮನೆಗಳಲ್ಲಿ ತುಳಸಿಯ ಬುಡದಲ್ಲಿ ಹೂಳುವ ಪದ್ಧತಿಯೂ ಇದೆ.

ಇಲಿಯನ್ನೇ ಏಕೆ ಕೇಳಬೇಕು? ಇಲಿಯ ಬಾಚಿಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಹಲ್ಲು ಸವೆಯಲೆಂದೇ ಅದು ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಅಂಥ ಗಟ್ಟಿ ಹಲ್ಲು ಬೇಕೆಂಬ ಆಸೆ ನಮ್ಮದೊಂದೇ ಅಲ್ಲ. ಸ್ಪೇನ್ ದೇಶದಲ್ಲಿ ಮಕ್ಕಳ ಹಲ್ಲು ಒಯ್ಯುವುದು ಪೆರೆಸ್ ಎಂಬ ಪುಟ್ಟ ಇಲಿ. 1894ರ ಸುಮಾರಿನಲ್ಲಿ ಅಲ್ಲಿನ ಬಾಲರಾಜ 13ನೇ ಅಲ್ಫಾನ್ಸೊನ ಹಲ್ಲು ಬಿದ್ದಾಗ, ಅವನಿಗಾಗಿ ಲೂಯಿಸ್ ಕೊಲೊಮಾ ಎಂಬ ಪಾದ್ರಿ ಈ ಇಲಿಯ ಕಥೆ ಬರೆದುಕೊಟ್ಟರು. ಆಗ ರಾಜನಿಗೆ ಎಂಟು ವರ್ಷ. ಫ್ರಾನ್ಸಿನಲ್ಲೂ ದಿಂಬಿನಡಿಗೆ ಬರುವುದು ಇಲಿಯೇ. ಜಪಾನಿನಲ್ಲಿ ಕೆಳಗಿನ ಹಲ್ಲನ್ನು ಮಾಡಿನ ಮೇಲೆ, ಮೇಲಿನ ಹಲ್ಲನ್ನು ಮನೆಯ ನೆಲದಡಿಗೆ ಎಸೆಯುತ್ತಾರೆ. ಹೊಸ ಹಲ್ಲು ಅದೇ ದಿಕ್ಕಿಗೆ ನೆಟ್ಟಗೆ ಬೆಳೆಯಲಿ ಎಂದು. ದುಡ್ಡು ಕೊಡುವ ಕಿನ್ನರಿ ಅಮೆರಿಕದವಳು, ಇವರೆಲ್ಲರಿಗಿಂತ ಚಿಕ್ಕವಳು. ಅವಳ ಹೆಸರು ಅಲ್ಲಿನ ಪತ್ರಿಕೆಯಲ್ಲಿ ಕಾಣಿಸಿದ್ದು 1908ರಲ್ಲಿ.

ಈಗ ನನ್ನದೊಂದು ನಷ್ಟದ ಲೆಕ್ಕ ಹೇಳಬೇಕು.

ನನಗೆ ಒಂಬತ್ತು ವರ್ಷವಿದ್ದಾಗ ಕೆಳಗಿನ ಒಂದು ದವಡೆಹಲ್ಲು ಹುಳುಕಾಗಿ ಕಪ್ಪಾಯಿತು. ರಾತ್ರಿಯೆಲ್ಲ ನೋವು. "ಹಾಲುಹಲ್ಲು ತಾನೆ, ಹೆಂಗಿದ್ರೂ ಬೀಳೋದು, ಕೀಳ್ಸಿಬುಡಿ" ಎಂದರು ದೊಡ್ಡವರು. ಕಿತ್ತದ್ದೂ ಆಯಿತು. ನೋವು ನಿಂತಿತು. ನಾನು ಎಂದಿನಂತೆ ಉಂಡೆಯನ್ನು ಗುರಿಯಿಟ್ಟು ಎಸೆದೆ. ಒಂದೇ ಏಟಿಗೆ ಮಾಡಿನ ನೆತ್ತಿಗೆ ಹೋಗಿ ಕೂತಿತು. ಆಮೇಲೆ ಕಾದೆ. ದಿನಾ ನಾಲಿಗೆಯಿಂದ ತಡವಿ ನೋಡುವುದು. ಒಂದು ಮಳೆಗಾಲ ಹೋಯಿತು, ಎರಡು ಹೋಯಿತು. ನನ್ನ ಜೊತೆಯವರ ಬಾಯೆಲ್ಲ ತುಂಬಿತು. ನನ್ನ ಆ ಗೂಡು ಮಾತ್ರ ಖಾಲಿ. ಅಜ್ಜಿಯನ್ನು ಕೇಳಿದರೆ "ಇಲಿ ಮರ್ತಿರ್ಬೇಕು ಮಗ, ಕೊಡ್ತದೆ ಬುಡು" ಎಂದರು. ನಾನೇನು ತಪ್ಪು ಮಾಡಿದೆ, ಕಾಗೆ ನೋಡಿಬಿಟ್ಟಿತೇ ಎಂದು ಯಾರಿಗೂ ಹೇಳದೆ ಎಷ್ಟೋ ದಿನ ಕೊರಗಿದ್ದೇನೆ.

ನಿಜ ತಿಳಿದದ್ದು ಬಿ.ಕಾಂ. ಓದುವಾಗ, ಮೈಸೂರಿನ ಒಬ್ಬ ದಂತವೈದ್ಯರಿಂದ. ಅವರು ಹೇಳಿದ್ದನ್ನು ಜಮಾಖರ್ಚಿನ ರೀತಿಯಲ್ಲಿ ಬರೆಯುತ್ತೇನೆ. ಹಾಲುಹಲ್ಲು 20. ಹುಟ್ಟಿದ ಆರು ತಿಂಗಳ ಸುಮಾರಿಗೆ ಶುರುವಾಗಿ ಮೂರು ವರ್ಷದೊಳಗೆ ಎಲ್ಲವೂ ಬರುತ್ತವೆ. ಆರನೇ ವರ್ಷದಿಂದ ಹನ್ನೆರಡರವರೆಗೆ ಒಂದೊಂದೇ ಬೀಳುತ್ತವೆ. ಕೆಳಗಿನಿಂದ ಬರುವ ಹೊಸ ಹಲ್ಲಿಗೆ ದಾರಿ ಬಿಡಲು ಹಾಲುಹಲ್ಲಿನ ಬೇರು ಕರಗುತ್ತದೆ, ಅದಕ್ಕೇ ಹಲ್ಲು ಅಲುಗಾಡುವುದು. ದೊಡ್ಡವರ ಹಲ್ಲು 32. ಅಂದರೆ 20 ಹಲ್ಲು ಕೊಟ್ಟು 32 ಪಡೆಯುತ್ತೇವೆ. ಉಳಿದ 12 ಎಲ್ಲಿಂದ ಬಂದವು? ಅವು ಯಾವ ಹಲ್ಲೂ ಬೀಳದೆಯೇ, ಹಾಲುಹಲ್ಲಿನ ಸಾಲಿನ ಹಿಂದೆ ಹುಟ್ಟುತ್ತವೆ. ಅವುಗಳಲ್ಲಿ ಮೊದಲ ನಾಲ್ಕು ಬರುವುದು ಆರನೇ ವರ್ಷದ ಸುಮಾರಿಗೆ, ಮುಂದಿನ ಹಲ್ಲು ಬೀಳುವ ಗಲಾಟೆಯ ನಡುವೆ, ಸದ್ದಿಲ್ಲದೆ. ಯಾವುದೂ ಬೀಳದೆ ಬಂದದ್ದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ನಾನು ಕಳೆದುಕೊಂಡದ್ದು ಅದನ್ನೇ. ಅದು ಹೋದರೆ ಇಲಿಯೂ ಕೊಡಲಾರದು, ಕಿನ್ನರಿಯೂ ಕೊಡಲಾರಳು.

ಅಜ್ಜ ಅಜ್ಜಿಯಂದಿರೇ, ಅದಕ್ಕೇ ನಿಮ್ಮಲ್ಲೊಂದು ಮಾತು. ಮೊಮ್ಮಕ್ಕಳ ಮುಂದಿನ ಹಲ್ಲು ಬಿದ್ದ ದಿನ ಟಾರ್ಚು ಹಿಡಿದು ಹಿಂದಿನ ದವಡೆಯನ್ನೂ ನೋಡಿ. ಹೊಸದಾಗಿ ಮೂಡಿದ ದವಡೆಹಲ್ಲಿನಲ್ಲಿ ಕಪ್ಪು ಕಂಡರೆ "ಹೆಂಗಿದ್ರೂ ಬೀಳೋದು" ಎನ್ನದೆ ವೈದ್ಯರಿಗೆ ತೋರಿಸಿ. ಹಾಲುಹಲ್ಲು ಹುಳುಕಾದರೂ ತೋರಿಸಬೇಕು. ಅಲುಗಾಡುವ ಹಲ್ಲಿಗೆ ದಾರ ಕಟ್ಟಿ ಎಳೆಯುವ ಶೌರ್ಯ ಬೇಡ, ನಾಲಿಗೆಯೇ ಸಾಕು. ಆಟದಲ್ಲಿ ಬಿದ್ದು ದೊಡ್ಡವರ ಹಲ್ಲು ಬುಡಸಮೇತ ಕಿತ್ತುಬಂದರೆ, ಬೇರು ಮುಟ್ಟದೆ ಹಿಡಿದು ಹಾಲಿನಲ್ಲಿ ಹಾಕಿ ಕೂಡಲೇ ದಂತವೈದ್ಯರ ಬಳಿಗೆ ಓಡಿ. ಬೇಗ ಹೋದರೆ ಮತ್ತೆ ಕೂರಿಸಬಹುದು.

ರಜೆಗೆ ಬಂದಾಗ ಮೊಮ್ಮಗಳು ಹಲ್ಲನ್ನು ಔಷಧಿಯ ಡಬ್ಬಿಯಲ್ಲಿಟ್ಟು ತಂದಿದ್ದಳು. ತೊಟ್ಟಿಮನೆ ಈಗಿಲ್ಲ, ಅಲ್ಲಿ ತಾರಸಿ ಮನೆ ಎದ್ದಿದೆ. ಹಳೆಯ ಹೆಂಚು ಉಳಿದಿರುವುದು ಕೊಟ್ಟಿಗೆಯ ಮೇಲೆ ಮಾತ್ರ. ಸಗಣಿ ಮುಟ್ಟಲು ಮೊದಲು ಮೂಗು ಮುಚ್ಚಿಕೊಂಡಳು, ಆಮೇಲೆ ಉಂಡೆಯನ್ನು ತಾನೇ ಕಟ್ಟಿದಳು. ಎರಡು ಸಲ ಜಾರಿ, ಮೂರನೆಯ ಸಲ ನಿಂತಿತು.

"ಇಲಿ ನಿಜವಾಗಲೂ ಕೊಡುತ್ತಾ ತಾತ?"

"ಹೊಸ ಹಲ್ಲು ಆಗಲೇ ನಿನ್ನ ಒಸಡಿನೊಳಗೇ ಇದೆ. ಇಲಿ ಕೊಡೋದಲ್ಲ. ನಾವು ಸುಮ್ಮನೆ ಹಳೇ ಹಲ್ಲಿಗೆ ಹೋಗಿ ಬಾ ಅಂತ ಹೇಳ್ತೀವಿ" ಎಂದೆ. ನನಗೆ ಯಾರೂ ಹೇಳದ ಮಾತು ಅದು.

ಕೈ ತೊಳೆದು ಬಂದಳು. ಟಾರ್ಚು ಹಾಕಿ ನೋಡಿದೆ. ಕೆಳಗೆ, ಎರಡೂ ಕಡೆ, ಸಾಲಿನ ಕೊನೆಯಲ್ಲಿ ಬೆಳ್ಳಗೆ ಮೂಡುತ್ತಿತ್ತು. ಅವಳಿಗೆ ಬೆಲ್ಲ ಕೊಟ್ಟೆ, ಬಾಯಿ ಮುಕ್ಕಳಿಸಲು ನೀರನ್ನೂ ಕೊಟ್ಟೆ.