ಮುದ್ದು ಮೂತಿಯ ಏದುಸಿರು

2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಬೆನ್ನು ಬಿಡದೆ ನಡೆದ ನಾಯಿ ನೆನಪಿದೆಯೇ? ಅದರ ತಳಿ ಪಗ್. ಆದರೆ ನಮ್ಮ ಊರುಗಳಲ್ಲಿ ಅದು ‘ಹಚ್ ನಾಯಿ’ಯಾಯಿತು, ಕಂಪನಿಯ ಹೆಸರು ಬದಲಾದ ಮೇಲೆ ‘ವೊಡಾಫೋನ್ ನಾಯಿ’ಯಾಯಿತು. ಆ ಹುಡುಗನ ಹಿಂದೆ ಸುತ್ತಿದಷ್ಟು ದೂರವನ್ನು ಏಪ್ರಿಲ್ ಮಧ್ಯಾಹ್ನ ನಡೆಸಿದರೆ ನಿಜವಾದ ಪಗ್‌ನ ಜೀವಕ್ಕೇ ಸಂಚಕಾರ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದು ನಾಲಗೆ ಚಾಚಿ ತೇಕುತ್ತದೆ. ಬಾಯಿ, ಮೂಗುಗಳ ಪಸೆ ಆರುವಾಗ ರಕ್ತ ತಣಿಯುತ್ತದೆ. ಈ ಕೆಲಸಕ್ಕೆಂದೇ ಉದ್ದ ಮೂತಿಯೊಳಗೆ ಸುರುಳಿ ಸುರುಳಿಯಾದ ತೆಳು ಮೂಳೆಗಳಿವೆ, ಅವುಗಳ ಮೇಲೆ ಒದ್ದೆ ಪೊರೆಯಿದೆ. ಪಗ್‌ನ ಮೂತಿ ಗಿಡ್ಡವಾಯಿತೇ ಹೊರತು ಒಳಗಿನ ಮಾಂಸ, ಪೊರೆ ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ದೊಡ್ಡ ಮನೆಯ ಸಾಮಾನನ್ನು ಒಂದೇ ಕೋಣೆಗೆ ತುರುಕಿದ ಹಾಗೆ! ಮೂಗಿನ ಹೊಳ್ಳೆ ಬರೀ ಸೀಳು. ಮೆದು ಅಂಗುಳ ಉದ್ದವಾಗಿ ಗಂಟಲಿಗೆ ಅಡ್ಡ ಬೀಳುತ್ತದೆ. ಉಸಿರನ್ನು ಜೋರಾಗಿ ಎಳೆದಂತೆಲ್ಲ ಗಂಟಲಿನ ಒಳಪೊರೆ ಊದಿ ದಾರಿ ಇನ್ನೂ ಇಕ್ಕಟ್ಟಾಗುತ್ತದೆ. ‘ನಮ್ಮದು ಮನುಷ್ಯರ ಹಾಗೇ ಗೊರಕೆ ಹೊಡೆಯುತ್ತೆ’ ಎಂದು ವಿಡಿಯೊ ಹಂಚುವವರುಂಟು. ಪಶುವೈದ್ಯರ ಕಿವಿಗೆ ಅದು ಗೊರಕೆಯಲ್ಲ, ರೋಗಲಕ್ಷಣ.

ಚೀನಾದಿಂದ ಯೂರೋಪಿಗೆ ಹೋದ ಈ ತಳಿ ಹಿಂದೆ ಹೀಗಿರಲಿಲ್ಲ. ಇಂಗ್ಲಿಷ್ ಕಲಾವಿದ ವಿಲಿಯಂ ಹೋಗಾರ್ತ್ 1745ರಲ್ಲಿ ತನ್ನ ಪಗ್ ಜತೆಗೆ ತನ್ನದೇ ಚಿತ್ರ ಬರೆದ. ಅದರಲ್ಲಿರುವ ನಾಯಿಗೆ ಎದ್ದು ಕಾಣುವ ಮೂತಿಯೇ ಇದೆ. ಚಪ್ಪಟೆ ಮುಖವನ್ನೇ ಚೆಂದವೆಂದು ತಲೆಮಾರುಗಟ್ಟಲೆ ಆರಿಸಿ ತಳಿ ಮಾಡಿದವರು ಮನುಷ್ಯರು.

ಅದರ ಬೆಲೆ ಎಷ್ಟೆಂಬುದನ್ನು ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು 2022ರಲ್ಲಿ ಲೆಕ್ಕ ಹಾಕಿತು. ಬ್ರಿಟನ್ನಿನ ನಾಲ್ಕು ಸಾವಿರಕ್ಕೂ ಹೆಚ್ಚು ಪಗ್‌ಗಳ ಚಿಕಿತ್ಸಾ ದಾಖಲೆಗಳನ್ನು ಇತರ ನಾಯಿಗಳ ದಾಖಲೆಗಳೊಂದಿಗೆ ಹೋಲಿಸಿದಾಗ, ಈ ಉಸಿರಾಟದ ಕಾಯಿಲೆಯ ಅಪಾಯ ಪಗ್‌ಗೆ 54 ಪಟ್ಟು ಹೆಚ್ಚೆಂದು ಕಂಡಿತು. ಕಣ್ಣಿನ ಕಾರ್ನಿಯಾ ಹುಣ್ಣಾಗುವ ಅಪಾಯ 13 ಪಟ್ಟು. ಕಣ್ಣಿನ ಗೂಡು ಆಳವಿಲ್ಲದೆ ಗುಡ್ಡೆ ಹೊರಚಾಚಿರುವುದರಿಂದ ಗೀರು, ಧೂಳು ನೇರವಾಗಿ ತಾಗುತ್ತವೆ. ಸುರುಳಿ ಬಾಲವೂ ಮುಗ್ಧ ಅಲಂಕಾರವಲ್ಲ: ಬಾಲದ ಮೂಳೆ ತಿರುಚಿಕೊಳ್ಳುವ ತಳಿಗಳಲ್ಲಿ ಬೆನ್ನುಮೂಳೆಯ ವಿಕಾರವೂ ಕಾಣಿಸುತ್ತದೆ.

ಈಗಾಗಲೇ ಮನೆಯಲ್ಲಿರುವ ಪಗ್‌ಗೆ ಮಾಡಬಹುದಾದದ್ದು ಬಹಳಷ್ಟಿದೆ. ಮೊದಲನೆಯದು ತೂಕ. ತಳಿಯ ವಾಡಿಕೆಯ ತೂಕ ಆರರಿಂದ ಎಂಟು ಕೆ.ಜಿ. ಕೊಬ್ಬು ಗಂಟಲಲ್ಲೂ ಕೂರುವುದರಿಂದ, ಪಕ್ಕೆಲುಬು ಕೈಗೆ ಸಿಗದಿದ್ದರೆ ಬಿಸ್ಕತ್ತು ನಿಲ್ಲಿಸುವುದೇ ಔಷಧ. ಕುತ್ತಿಗೆ ಪಟ್ಟಿಗಿಂತ ಎದೆಗೆ ಕಟ್ಟುವ ಹಾರ್ನೆಸ್ ಮೇಲು. ಮುಖದ ಮಡಿಕೆಗಳನ್ನು ಒರೆಸಿದರೆ ಸಾಲದು, ತೇವ ಉಳಿಯದಂತೆ ಒಣಗಿಸಬೇಕು. ವಾಕಿಂಗ್ ಬಿಸಿಲೇರುವ ಮುನ್ನವೇ ಮುಗಿಯಲಿ. ರಾಯಚೂರಿನ ಬಿಸಿಲಷ್ಟೇ ಅಲ್ಲ, ಮಂಗಳೂರಿನ ಸೆಕೆಯೂ ಅಪಾಯ. ಗಾಳಿಯಲ್ಲಿ ತೇವ ತುಂಬಿದ್ದರೆ ಎಷ್ಟು ತೇಕಿದರೂ ಪಸೆ ಆರುವುದಿಲ್ಲ.

ಏದುಸಿರು ನಿಲ್ಲದೆ, ನಾಲಗೆ ನೀಲಿಯಾಗಿ, ನಾಯಿ ತೂರಾಡತೊಡಗಿದರೆ ಆಟೊ ಹುಡುಕುವ ಮೊದಲು ಮೈಮೇಲೆ ನೀರು ಸುರಿದು ಫ್ಯಾನ್ ಕೆಳಗೆ ಇಡಬೇಕು. ಆಸ್ಪತ್ರೆಯ ದಾರಿ ಆಮೇಲೆ, ಆದರೆ ತಪ್ಪದೆ. ಉಸಿರಾಟದ ತೊಂದರೆ ತೀವ್ರವಾಗಿದ್ದರೆ ಹೊಳ್ಳೆ ಅಗಲಿಸುವ, ಅಂಗುಳ ಕತ್ತರಿಸುವ ಶಸ್ತ್ರಚಿಕಿತ್ಸೆಯಿಂದ ಹಲವು ನಾಯಿಗಳಿಗೆ ನೆಮ್ಮದಿ ಸಿಗುತ್ತದೆ, ಅದೂ ಬೇಗ ಮಾಡಿಸಿದರೆ.

ಹೊಸದಾಗಿ ಕೊಳ್ಳುವವರು ಮರಿಗಿಂತ ಮೊದಲು ಅದರ ತಾಯಿಯನ್ನು ನೋಡಲಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಪಶುವೈದ್ಯರು ಇಂಥ ನಾಯಿಗಳನ್ನು ಮೂರು ನಿಮಿಷ ಚುರುಕಾಗಿ ನಡೆಸಿ, ಮೊದಲೂ ಆಮೇಲೂ ಸ್ಟೆತಾಸ್ಕೋಪಿನಿಂದ ಗಂಟಲು ಆಲಿಸಿ ದರ್ಜೆ ಕೊಡುತ್ತಾರೆ. ಸ್ಟೆತಾಸ್ಕೋಪ್ ಇಲ್ಲದಿದ್ದರೂ, ತಂಪು ಹೊತ್ತಿನಲ್ಲಿ ತಾಯಿ ನಾಯಿ ಮೂರು ನಿಮಿಷ ನಡೆದು ಬಂದಾಗ ಗೊರಗೊರ ಸದ್ದು ಕೋಣೆಯಾಚೆಗೂ ಕೇಳಿಸಿತೇ? ಹಾಗಾದರೆ ಮುಂಗಡ ಕೊಡಬೇಡಿ.