ಎಣ್ಣೆ–ನೀರಿನ ನಡುವಿನ ತಗಡು

ಹಳೆಯ ಚೈನ್ ಡೋಜರಿನ ರೇಡಿಯೇಟರ್ ಮುಚ್ಚಳ ತೆಗೆದಾಗ ನೀರಿನ ಮೇಲೆ ದಪ್ಪನೆಯ ಜಿಡ್ಡು ತೇಲುತ್ತಿದ್ದರೆ ಸುತ್ತ ನಿಂತವರೆಲ್ಲ ಒಂದೊಂದು ರೋಗ ಹೇಳುತ್ತಾರೆ. ಹೆಡ್ ಹೋಗಿದೆ ಎನ್ನುತ್ತಾರೆ ಒಬ್ಬರು, ಬ್ಲಾಕೇ ಬಿರುಕು ಬಿಟ್ಟಿದೆ ಎನ್ನುತ್ತಾರೆ ಇನ್ನೊಬ್ಬರು. ಬಹಳಷ್ಟು ಸಲ ಕೆಟ್ಟಿರುವುದು ಅಷ್ಟು ದೊಡ್ಡದೇನಲ್ಲ. ಎಂಜಿನ್ನಿನ ಪಕ್ಕೆಗೆ ಬೋಲ್ಟ್ ಹಾಕಿ ಕೂರಿಸಿರುವ, ಒಬ್ಬನೇ ಎತ್ತಿಡಬಹುದಾದ ಆಯಿಲ್ ಕೂಲರಿನ ಒಳಗೆ ಒಂದು ತೆಳು ತಗಡು ತೂತಾಗಿರುತ್ತದೆ. ಆ ತಗಡಿನ ಒಂದು ಬದಿಗೆ ಎಣ್ಣೆ, ಇನ್ನೊಂದು ಬದಿಗೆ ನೀರು. ಅವೆರಡೂ ಪರಸ್ಪರ ಶಾಖ ಕೊಟ್ಟು ತೆಗೆದುಕೊಳ್ಳಬೇಕು, ಒಂದನ್ನೊಂದು ಮುಟ್ಟಬಾರದು.

ಈ ವಿಷಯ ಚೆನ್ನಾಗಿ ಅರ್ಥವಾಗಬೇಕಾದರೆ ಅಮೆರಿಕದ ಆಲಿಸ್-ಚಾಲ್ಮರ್ಸ್ ಕಂಪನಿಯ ಎಚ್‌ಡಿ-7 ಚೈನ್ ಟ್ರ್ಯಾಕ್ಟರನ್ನು ನೋಡಬೇಕು. ವಿಸ್ಕಾನ್ಸಿನ್ ರಾಜ್ಯದ ಈ ಕಂಪನಿ 1928ರಲ್ಲಿ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಮೊನಾರ್ಕ್ ಟ್ರ್ಯಾಕ್ಟರ್ ಕಾರ್ಖಾನೆಯನ್ನು ಕೊಂಡು ಚೈನ್ ಯಂತ್ರಗಳ ವ್ಯಾಪಾರಕ್ಕೆ ಇಳಿಯಿತು. 1940ರಿಂದ 1950ರವರೆಗೆ ಅಲ್ಲಿ ತಯಾರಾದ ಎಚ್‌ಡಿ-7 ಆರು ಟನ್ನಿಗೂ ಮೀರಿದ ತೂಕದ್ದು, ಮೈಗೆ ಕಡು ಕಿತ್ತಳೆ ಬಣ್ಣ. ಒಳಗಿದ್ದುದು ಜನರಲ್ ಮೋಟರ್ಸ್‌ನ ಎರಡು ಸ್ಟ್ರೋಕಿನ ಡೀಸೆಲ್ ಎಂಜಿನ್, ಹೆಸರು 3-71. ಮೂರು ಸಿಲಿಂಡರ್, ಒಂದೊಂದರ ಗಾತ್ರ 71 ಘನ ಇಂಚು, ಹೆಸರಿನಲ್ಲೇ ಲೆಕ್ಕವಿದೆ. ಇಂದಿಗೂ ಅಮೆರಿಕ, ಆಸ್ಟ್ರೇಲಿಯಗಳ ತೋಟದ ಶೆಡ್ಡುಗಳಲ್ಲಿ ಇವನ್ನು ಸರಿಪಡಿಸಿ ಓಡಿಸುವ ಹವ್ಯಾಸಿಗಳಿದ್ದಾರೆ. ಅವರ ಕೈಗೆ ಮತ್ತೆ ಮತ್ತೆ ಬರುವ ಕೆಲಸಗಳಲ್ಲಿ ಆಯಿಲ್ ಕೂಲರ್ ಒಂದು.

ಎರಡು ಸ್ಟ್ರೋಕಿನ ಎಂಜಿನ್‌ನಲ್ಲಿ ಪ್ರತಿ ಸುತ್ತಿಗೂ ಪ್ರತಿ ಸಿಲಿಂಡರಿನಲ್ಲಿ ಇಂಧನ ಉರಿಯುತ್ತದೆ. ಪಿಸ್ಟನ್ನಿಗೆ ಬಿಡುವೇ ಇಲ್ಲ. ಅದಕ್ಕಾಗಿ 71 ಎಂಜಿನ್‌ನಲ್ಲಿ ಕನೆಕ್ಟಿಂಗ್ ರಾಡಿನ ಉದ್ದಕ್ಕೂ ರಂಧ್ರ ಕೊರೆದು, ಅದರ ಮೂಲಕ ಎಣ್ಣೆ ಏರಿಸಿ, ಪಿಸ್ಟನ್ ತಲೆಯ ಕೆಳಭಾಗಕ್ಕೆ ಚಿಮ್ಮಿಸುತ್ತಾರೆ. ಅಂದರೆ ಎಣ್ಣೆಯ ಕೆಲಸ ಬೇರಿಂಗಿಗೆ ಜಾರಿಕೆ ಕೊಡುವುದರಲ್ಲಿ ಮುಗಿಯುವುದಿಲ್ಲ, ಪಿಸ್ಟನ್ನನ್ನು ತಣಿಸುವ ಹೊಣೆಯೂ ಅದರದೇ. ಹಾಗೆ ಹೊತ್ತು ತಂದ ಶಾಖವನ್ನು ಅದು ಇಳಿಸುವ ಜಾಗ ಆಯಿಲ್ ಕೂಲರ್. ನೀರಿನ ಪಂಪು ರೇಡಿಯೇಟರಿನ ತಳದಿಂದ ಎಳೆದ ತಣ್ಣನೆಯ ನೀರನ್ನು ಬ್ಲಾಕಿಗೆ ಕಳಿಸುವ ಮೊದಲು ಕೂಲರಿನ ಮೂಲಕವೇ ಹಾಯಿಸುತ್ತದೆ. ಇಡೀ ಎಂಜಿನ್‌ನಲ್ಲಿ ಅತಿ ತಂಪು ನೀರು ಮೊದಲು ಸಿಗುವುದು ಎಣ್ಣೆಗೆ. ಇದನ್ನು ಯೋಚಿಸಿದ ಎಂಜಿನಿಯರುಗಳ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಆದ್ದರಿಂದಲೇ ಒಂದು ಸಲಹೆಯನ್ನು ನಾನು ಖಂಡಿತ ಒಪ್ಪುವುದಿಲ್ಲ: ‘ಕೂಲರ್ ಸೋರುತ್ತಿದೆಯೇ, ಪೈಪನ್ನು ನೇರ ಜೋಡಿಸಿ ಬೈಪಾಸ್ ಮಾಡಿಬಿಡಿ.’ ಜಾತ್ರೆಯಲ್ಲೋ ಪ್ರದರ್ಶನದಲ್ಲೋ ನೂರು ಅಡಿ ಓಡಿಸಿ ನಿಲ್ಲಿಸುವ ಗಾಡಿಯಾದರೆ ನಡೆದೀತು. ಬ್ಲೇಡ್ ಇಳಿಸಿ ಮಣ್ಣು ತಳ್ಳಲು ನಿಂತರೆ ಎಣ್ಣೆ ಕಾದು ತೆಳ್ಳಗಾಗುತ್ತದೆ, ಒತ್ತಡ ಬೀಳುತ್ತದೆ, ಪಿಸ್ಟನ್ ಬೇಯುತ್ತದೆ. ಮೀಟರಿನಲ್ಲಿ ನೀರಿನ ಬಿಸಿ ಸರಿಯಾಗಿಯೇ ಕಾಣುತ್ತಿರುತ್ತದೆ, ಏಕೆಂದರೆ ಎಣ್ಣೆ ತನ್ನ ಶಾಖವನ್ನು ನೀರಿಗೆ ಕೊಡುವುದನ್ನೇ ನಿಲ್ಲಿಸಿದೆ. ರೇಡಿಯೇಟರಿಗೆ ಸುರಿಯುವ ಸೋರಿಕೆ ಪುಡಿಯೂ ಇಂಥದೇ ತಪ್ಪು. ಚದರ ಇಂಚಿಗೆ 40–60 ಪೌಂಡ್ ಒತ್ತಡದಲ್ಲಿ ಬರುವ ಎಣ್ಣೆಯನ್ನು ಆ ಪುಡಿ ತಡೆಯಲಾರದು, ರೇಡಿಯೇಟರಿನ ಸಣ್ಣ ನಳಿಗೆಗಳನ್ನು ಮಾತ್ರ ಕಟ್ಟಿಹಾಕುತ್ತದೆ.

ಈ ಒತ್ತಡದ ವ್ಯತ್ಯಾಸವೇ ರೋಗ ಗುರುತಿಸುವ ದಾರಿಯೂ ಹೌದು. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ನೀರಿಗಿಂತ ಎಷ್ಟೋ ಹೆಚ್ಚು, ಹಾಗಾಗಿ ಎಣ್ಣೆ ನೀರಿನೊಳಕ್ಕೆ ನುಗ್ಗುತ್ತದೆ. ಎಂಜಿನ್ ನಿಂತ ಮೇಲೆ ಎಣ್ಣೆಯ ಒತ್ತಡ ಸೊನ್ನೆಗಿಳಿಯುತ್ತದೆ. ಆಗ ಮೇಲಿರುವ ರೇಡಿಯೇಟರಿನ ನೀರು ಅದೇ ತೂತಿನಿಂದ ನಿಧಾನವಾಗಿ ಎಣ್ಣೆಗೆ ಇಳಿಯಬಹುದು. ಮೊದಲು ರೇಡಿಯೇಟರಿನಲ್ಲಿ ಎಣ್ಣೆ, ಕೆಲವು ದಿನಗಳ ಮೇಲೆ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಕೂಲರಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಹೆಡ್ಡಿನ ಬಿರುಕಾದರೆ ಚಿಹ್ನೆ ಬೇರೆ. ಎಂಜಿನ್ ಓಡುವಾಗ ಉರಿದ ಅನಿಲ ರೇಡಿಯೇಟರಿನಲ್ಲಿ ಗುಳ್ಳೆಗುಳ್ಳೆಯಾಗಿ ಏಳುತ್ತದೆ. 71 ಎಂಜಿನ್‌ಗಳ ಸಿಲಿಂಡರಿನಲ್ಲಿರುವುದು ನೀರು ತಾಗದ ಒಣ ಲೈನರ್, ಆದ್ದರಿಂದ ಬೇರೆ ಎಷ್ಟೋ ಎಂಜಿನ್‌ಗಳಲ್ಲಿ ಮೊದಲು ಸಂಶಯಪಡುವ ಲೈನರ್ ರಬ್ಬರ್ ರಿಂಗಿನ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಇನ್ನೊಂದನ್ನು ಮರೆಯಬಾರದು. ಎಣ್ಣೆಯ ಮಟ್ಟ ಏರಿ, ಬಣ್ಣ ಕಪ್ಪಾಗಿಯೇ ಇದ್ದು, ಬೆರಳಿಗೆ ತೆಳ್ಳಗೆ ಹತ್ತಿದರೆ ಅದರಲ್ಲಿ ಬೆರೆತಿರುವುದು ನೀರಲ್ಲ, ಡೀಸೆಲ್. ಇಂಜೆಕ್ಟರಿಗೆ ಹೋಗುವ ಪುಟ್ಟ ಪೈಪುಗಳು ವಾಲ್ವ್ ಕವರಿನ ಒಳಗೇ ಇರುವುದರಿಂದ ಅವು ಸೋರಿದರೆ ಡೀಸೆಲ್ ನೇರ ಎಣ್ಣೆಗೆ ಬೀಳುತ್ತದೆ. ಅದಕ್ಕೂ ಕೂಲರಿಗೂ ಸಂಬಂಧವಿಲ್ಲ.

ನೀರು ಬೆರೆತಿದೆಯೇ ಎಂದು ತಿಳಿಯಲು ಪ್ರಯೋಗಶಾಲೆ ಬೇಕಾಗಿಲ್ಲ. ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಎಂಜಿನ್ ತಳದ ಎಣ್ಣೆ ತೊಟ್ಟಿಯ, ಅಂದರೆ ಚೇಂಬರಿನ, ಡ್ರೈನ್ ಬೋಲ್ಟನ್ನು ಸ್ವಲ್ಪ ಸಡಿಲಿಸಿದರೆ ತಳದಲ್ಲಿ ನಿಂತ ನೀರು ಮೊದಲು ತೊಟ್ಟಿಕ್ಕುತ್ತದೆ. ಎಣ್ಣೆಯ ಹನಿಯೊಂದನ್ನು ಕಾದ ತಗಡಿನ ಮೇಲೆ ಬಿಟ್ಟರೆ, ನೀರಿದ್ದಲ್ಲಿ ಅದು ಚಟಚಟ ಎನ್ನುತ್ತದೆ. ನೀರು ಕಂಡ ಮೇಲೆ ‘ಇದೊಂದು ಕೆಲಸ ಮುಗಿಸಿಬಿಡೋಣ’ ಎಂದು ಎಂಜಿನ್ ಓಡಿಸಬೇಡಿ. ರೇಡಿಯೇಟರಿಗೆ ಗ್ಲೈಕಾಲ್ ಇರುವ ಕೂಲಂಟ್ ಹಾಕಿದ್ದರಂತೂ ಅದು ಎಣ್ಣೆಯೊಡನೆ ಸೇರಿ ಅಂಟು ಕೆಸರಾಗಿ ಬೇರಿಂಗುಗಳನ್ನು ತಿಂದುಹಾಕುತ್ತದೆ.

ಬಿಚ್ಚುವ ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಬ್ಲೇಡನ್ನು ನೆಲಕ್ಕಿಳಿಸಿ, ಎಂಜಿನ್ ತಣ್ಣಗಾದ ಮೇಲೆ ನೀರು, ಎಣ್ಣೆ ಎರಡನ್ನೂ ಬಸಿಯಬೇಕು. ಕೂಲರಿನ ಮನೆಗೇ ಬೇರೆ ಡ್ರೈನ್ ಕಾಕ್ ಇರುವುದುಂಟು, ಅದನ್ನೂ ತೆರೆಯಬೇಕು. ವಿಸ್ಕಾನ್ಸಿನ್ನಿನಂಥ ಚಳಿ ನಾಡಿನಲ್ಲಿ ರೇಡಿಯೇಟರ್ ಖಾಲಿ ಮಾಡಿ, ಈ ಕಾಕನ್ನು ಮರೆತು, ಉಳಿದ ನೀರು ಹೆಪ್ಪುಗಟ್ಟಿ ಕೂಲರ್ ಸೀಳಿಹೋದದ್ದು ಎಷ್ಟೋ ಯಂತ್ರಗಳ ಕಥೆ. ಕೂಲರಿನ ಒಳಗಿನ ತಗಡು ಪದರಗಳ ಕಟ್ಟು, ಅಂದರೆ ಕೋರ್, ಹೊರಬಂದ ಮೇಲೆ ನೀರಿನ ಬದಿ, ಎಣ್ಣೆಯ ಬದಿ ಯಾವುದೆಂದು ಗುರುತು ಹಾಕಿ. ಎಣ್ಣೆಯ ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಚದರ ಇಂಚಿಗೆ ಸುಮಾರು 75 ಪೌಂಡ್ ಗಾಳಿ ಕೊಟ್ಟು, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಬಿಸಿನೀರೇ ಏಕೆಂದರೆ ತಣ್ಣಗಿರುವಾಗ ಮುಚ್ಚಿಕೊಂಡಿರುವ ಕೂದಲೆಳೆಯ ಬಿರುಕು ಲೋಹ ಹಿಗ್ಗಿದಾಗ ಬಾಯಿ ಬಿಡುತ್ತದೆ. ಗುಳ್ಳೆ ಎದ್ದ ಕಡೆ ತೂತು. ಗುಳ್ಳೆ ಏಳದಿದ್ದರೆ ಕೋರ್ ಚೆನ್ನಾಗಿದೆ, ಪ್ಯಾಕಿಂಗ್ ಮತ್ತು ಹೆಡ್ಡಿನ ಕಡೆ ನೋಡಬೇಕು.

ತಗಡಿನ ಅಂಚಿನಲ್ಲಿ ತೂತಿದ್ದರೆ ಕೈಪಳಗಿದ ರೇಡಿಯೇಟರ್ ಕೆಲಸಗಾರ ಬೆಸೆದುಕೊಡಬಲ್ಲ. ಪದರಗಳ ನಡುವೆ ಇದ್ದರೆ ಬೆಸುಗೆ ತಲುಪುವುದಿಲ್ಲ, ಹೊಸ ಕೋರ್ ಹಾಕುವುದೇ ಸರಿ. ಈ ವಿಷಯದಲ್ಲಿ ಎಚ್‌ಡಿ-7ರ ಒಡೆಯ ಅದೃಷ್ಟವಂತ. 1938ರಲ್ಲಿ ಹುಟ್ಟಿದ 71 ಎಂಜಿನ್ ಕುಟುಂಬ ಹತ್ತಾರು ವರ್ಷ ತಯಾರಾಯಿತು. ಬಸ್ಸು, ದೋಣಿ, ಜನರೇಟರುಗಳಲ್ಲಿ, ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸಿದ ದೋಣಿಗಳಲ್ಲಿ, ಶರ್ಮನ್ ಟ್ಯಾಂಕಿನ ಒಂದು ಬಗೆಯಲ್ಲಿ ಕೂಡ ಇದೇ ಕುಟುಂಬದ ಎಂಜಿನ್‌ಗಳಿದ್ದವು. ಆಲಿಸ್-ಚಾಲ್ಮರ್ಸ್‌ನ ನಿರ್ಮಾಣ ಯಂತ್ರಗಳ ವಿಭಾಗ 1974ರಲ್ಲಿ ಫಿಯಟ್ ಜೊತೆ ಸೇರಿ ಫಿಯಟ್-ಆಲಿಸ್ ಆಯಿತು, ಚೈನ್ ಯಂತ್ರಗಳ ಮೇಲಿನ ಹಳೆಯ ಹೆಸರು ಇತಿಹಾಸ ಸೇರಿತು. ಆದರೆ ಎಂಜಿನ್ ಭಾಗಗಳು ಇನ್ನೂ ಸಿಗುತ್ತವೆ.

ತೂತಿಲ್ಲದ ಕೂಲರಿಗೂ ಒಂದು ಕಾಯಿಲೆ ಬರುತ್ತದೆ. ಕಿಟ್ಟ ಕಟ್ಟಿ ದಾರಿ ಮುಚ್ಚಿದಾಗ ಎಣ್ಣೆ ನಿಲ್ಲಬಾರದೆಂದು ಪಕ್ಕದಲ್ಲೊಂದು ಬೈಪಾಸ್ ವಾಲ್ವ್ ಇಟ್ಟಿರುತ್ತಾರೆ. ಅದು ತೆರೆದುಕೊಂಡರೆ ಎಣ್ಣೆ ತಣಿಯದೆಯೇ ಸುತ್ತುತ್ತಿರುತ್ತದೆ, ಚಾಲಕನಿಗೆ ಸುಳಿವೇ ಸಿಗುವುದಿಲ್ಲ. ಹಾಗಾಗಿ ಬಿಚ್ಚಿದಾಗಲೆಲ್ಲ ಶುಚಿ ಮಾಡಬೇಕು. ಮೊದಲು ಎಣ್ಣೆಯ ಬದಿ, ಆಮೇಲೆ ನೀರಿನ ಬದಿ. ಬೇರಿಂಗ್ ಒಡೆದು ಲೋಹದ ಚೂರು ಎಣ್ಣೆಯಲ್ಲಿ ಸುತ್ತಿದ್ದರೆ ಮಾತ್ರ ಕೋರನ್ನು ತೊಳೆಯುವ ಆಸೆ ಬಿಡಿ. ಪದರಗಳ ನಡುವೆ ಸಿಕ್ಕ ಒಂದು ಚೂರು ಹೊಸ ಬೇರಿಂಗನ್ನೂ ಕೆಡಿಸುತ್ತದೆ. ಎಣ್ಣೆ ಹಿಡಿದ ನೀರಿನ ದಾರಿಯನ್ನು ನೊರೆ ಕಡಿಮೆ ಬರುವ ಸೋಪಿನ ಬಿಸಿನೀರಿನಿಂದ ಜಿಡ್ಡು ಹೋಗುವವರೆಗೆ ತೊಳೆದು, ಎಣ್ಣೆ ಕುಡಿದು ಉಬ್ಬಿದ ಹೋಸ್ ಪೈಪುಗಳನ್ನೆಲ್ಲ ಬದಲಿಸಬೇಕು. ಎಣ್ಣೆಯಲ್ಲಿ ನೀರು ಕಂಡಿದ್ದ ಎಂಜಿನ್ನಾದರೆ ಚೇಂಬರ್ ಇಳಿಸಿ ಬೇರಿಂಗ್ ಶೆಲ್ಲುಗಳನ್ನು ನೋಡದೆ ಸ್ಟಾರ್ಟ್ ಮಾಡಬಾರದು.

ತಗಡು ತೂತಾಗುವುದಕ್ಕೆ ಮುಖ್ಯ ಕಾರಣ ನೀರು. ತುಕ್ಕು ತಡೆಯುವ ಔಷಧವಿಲ್ಲದ ಬರೀ ನೀರು ವರ್ಷಗಟ್ಟಲೆ ನಿಂತರೆ ಒಳಗಿಂದ ಕೊರೆಯುತ್ತದೆ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಾದರೆ ಸುಣ್ಣದ ಪದರವನ್ನೂ ಕಟ್ಟುತ್ತದೆ. ಇದು ಡೋಜರ್ ಇಟ್ಟುಕೊಂಡವರೆಲ್ಲರಿಗೂ ಅನ್ವಯಿಸುವ ಮಾತು.

ಇಂಥ ಯಂತ್ರಗಳ ಋಣ ನಮ್ಮ ದೇಶದ ಮೇಲೂ ಇದೆ. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಇಲ್ಲಿ ಬಿಟ್ಟುಹೋದ ಚೈನ್ ಟ್ರ್ಯಾಕ್ಟರುಗಳಿಂದಲೇ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆ ಕೆಲಸ ಶುರು ಮಾಡಿತು. ಮಧ್ಯ ಭಾರತದಲ್ಲಿ ಆಳಕ್ಕೆ ಬೇರಿಳಿಸಿ ಹೊಲಗಳನ್ನು ನುಂಗಿದ್ದ ಕಾಶ ಹುಲ್ಲನ್ನು ಕಿತ್ತು, ಭೂಮಿಯನ್ನು ಮತ್ತೆ ಉಳುಮೆಗೆ ತರಲು 1949ರಲ್ಲಿ ವಿಶ್ವಬ್ಯಾಂಕ್ ಕೃಷಿಯಂತ್ರಗಳಿಗೆಂದೇ 1 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. 1964ರಲ್ಲಿ ಬೆಂಗಳೂರಿನಲ್ಲಿ ಬೆಮೆಲ್ ಹುಟ್ಟಿ, ಮುಂದೆ ಕೆಜಿಎಫ್‌ನ ಕಾರ್ಖಾನೆಯಿಂದ ನಮ್ಮವೇ ಡೋಜರುಗಳು ಹೊರಬಂದವು. ಅದಕ್ಕೂ ಮೊದಲಿನ ಯಂತ್ರಗಳು ನಮ್ಮಲ್ಲಿ ಬಹುಪಾಲು ತೂಕದ ಲೆಕ್ಕದಲ್ಲಿ ಕರಗಿಹೋದವು ಎನ್ನುವುದು ನನಗೆ ನಿಜವಾದ ನೋವು.

ಯಾವುದಾದರೂ ಇಲಾಖೆಯ ಅಂಗಳದಲ್ಲೋ ತೋಟದ ಮೂಲೆಯಲ್ಲೋ ಹಳೆಯ ಚೈನ್ ಡೋಜರ್ ನಿಂತಿದ್ದು, ‘ಎಂಜಿನ್ನಿಗೆ ನೀರು ಹೋಗಿದೆ’ ಎಂಬ ಒಂದೇ ಕಾರಣಕ್ಕೆ ಅದನ್ನು ಹರಾಜು ಹಾಕುವ ಮಾತು ನಡೆದಿದ್ದರೆ, ದಯವಿಟ್ಟು ಒಂದು ದಿನ ತಡೆಯಿರಿ. ಆಯಿಲ್ ಕೂಲರ್ ಬಿಚ್ಚಿಸಿ, ಗಾಳಿ ತುಂಬಿಸಿ, ಬಿಸಿನೀರಿನಲ್ಲಿ ಮುಳುಗಿಸಿ ನೋಡಿ. ಆಮೇಲೆ ತೀರ್ಮಾನ ಮಾಡಿ.