ಜೆ ಎಂಬ ಗಣಕಭಾಷೆಯಲ್ಲಿ ಕ್ರಿಯಾಪದದ ಕ್ಷೇತ್ರಾಂತರ

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವುದಕ್ಕಾಗಿ ಹುಟ್ಟಿದ ಭಾಷೆಗಳು ಸಾಮಾನ್ಯವಾಗಿ ಗಣಿತಶಾಸ್ತ್ರದ ಪರಿಭಾಷೆಯನ್ನೇ ಆಶ್ರಯಿಸಿರುವುವು. ವೈಯಾಕರಣರ ಪರಿಭಾಷೆಯನ್ನು ಬೇಕೆಂದೇ ಎರವು ತಂದು ಅದರ ಮೇಲೆ ತನ್ನ ಕಟ್ಟಡವನ್ನೆಲ್ಲ ಎತ್ತಿದ ಭಾಷೆಯೆಂದರೆ ಜೆ. ಕೆನೆತ್ ಐವರ್ಸನ್ ಮತ್ತು ರೋಜರ್ ಹುಯಿ ಎಂಬವರು ಸೇರಿ ಇದನ್ನು 1990 ರಲ್ಲಿ ಹೊರತಂದರು. ಐವರ್ಸನ್ನರು 1920 ರಲ್ಲಿ ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ ಹುಟ್ಟಿದವರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಅವರು ಒಂದು ಹೊಸ ಸಂಕೇತಪದ್ಧತಿಯನ್ನು ರೂಪಿಸಿ, 1962 ರಲ್ಲಿ ಅದನ್ನು 'ಎ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್' ಎಂಬ ಗ್ರಂಥವಾಗಿ ಪ್ರಕಟಿಸಿದರು. ಆ ಗ್ರಂಥನಾಮದ ಆದ್ಯಕ್ಷರಗಳೇ ಎ.ಪಿ.ಎಲ್. ಎಂಬ ಭಾಷೆಯ ಹೆಸರಾದುವು. 1979 ರಲ್ಲಿ ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸಿದಾಗ ಅವರು ಮಾಡಿದ ಉಪನ್ಯಾಸದ ವಿಷಯವೂ ಸಂಕೇತವು ಆಲೋಚನೆಗೆ ಹೇಗೆ ಉಪಕರಣವಾಗುವುದೆಂಬುದೇ. ಎ.ಪಿ.ಎಲ್.ಗೆ ವಿಶೇಷ ಲಿಪಿಚಿಹ್ನೆಗಳು ಬೇಕಾಗಿದ್ದುವು. ಜೆ ಭಾಷೆಗೆ ಸಾಮಾನ್ಯವಾದ ಬೆರಳಚ್ಚಿನ ಅಕ್ಷರಗಳೇ ಸಾಕು. ಐವರ್ಸನ್ನರು 2004 ರಲ್ಲಿ ಗತಿಸಿದರು.

ಜೆ ಭಾಷೆಯಲ್ಲಿ ಸಂಖ್ಯೆಗಳೂ ಸಂಖ್ಯೆಗಳ ಸರಣಿಗಳೂ ನಾಮಪದಗಳು. ಕೂಡುವುದು, ಗುಣಿಸುವುದು ಮೊದಲಾದವು ಕ್ರಿಯಾಪದಗಳು. ಕ್ರಿಯಾಪದದ ಬಲಕ್ಕೆ ಬಂದು ಅದರ ವ್ಯಾಪಾರವನ್ನು ಬದಲಾಯಿಸುವ ಪದ ಕ್ರಿಯಾವಿಶೇಷಣ. ಕೂಡುವ ಚಿಹ್ನೆಯ ಮುಂದೆ ಒಂದು ಓರೆಗೆರೆಯನ್ನಿಟ್ಟರೆ 'ಎಲ್ಲವುಗಳ ನಡುವೆಯೂ ಕೂಡು' ಎಂಬ ಹೊಸ ಕ್ರಿಯೆ ಹುಟ್ಟುವುದು. 3, 5, 7 ಎಂಬ ಸರಣಿಗೆ ಅದನ್ನು ಹಚ್ಚಿದರೆ 15 ಬರುವುದು. ಕನ್ನಡದಲ್ಲಿ ವಿಶೇಷಣವು ಕ್ರಿಯೆಗೆ ಮುಂಚೆ ನಿಲ್ಲುವುದಷ್ಟೆ. ಇಲ್ಲಿ ಅದು ಪ್ರತ್ಯಯದಂತೆ ಹಿಂದೆ ಹತ್ತುವುದರಿಂದ ಪ್ರತ್ಯಯವೆಂದೇ ಹೇಳಿದ್ದರೆ ಹೆಚ್ಚು ಒಪ್ಪುತ್ತಿತ್ತು. ಎರಡು ಪದಗಳನ್ನು ಕೂಡಿಸಿ ಒಂದು ಮಾಡುವುದು ಸಂಯೋಜಕ. ಬಳಕೆದಾರನು ತಾನಾಗಿ ಇಟ್ಟುಕೊಂಡ ಹೆಸರುಗಳಿಗೆ ಐವರ್ಸನ್ನರು ಸರ್ವನಾಮ ಮತ್ತು 'ಸರ್ವಕ್ರಿಯೆ' ಎಂಬರ್ಥದ ಸಂಜ್ಞೆಗಳನ್ನು ಕೊಟ್ಟಿರುವರು. ಮೇಲುನೋಟಕ್ಕೆ ಇದು ವಿನೋದದಂತೆ ಕಂಡರೂ ಇದರಲ್ಲಿ ಆಳವಾದ ಸತ್ಯವಿದೆ. ಸರ್ವನಾಮದ ಅರ್ಥವು ಅದನ್ನು ಆಡುವವನನ್ನೂ ಆಡುವ ಎಡೆಯನ್ನೂ ಅವಲಂಬಿಸಿರುವುದು. ಜೆ ಭಾಷೆಯ ಹೆಸರುಗಳೂ ಹಾಗೆಯೇ. ಮುಂದೆ ವಿಚಾರಿಸತಕ್ಕ ತೊಡಕಿಗೆ ಮೂಲವೂ ಇದೇ.

ಹೆಸರುಗಳು ನೆಲಸಿರುವ ಸ್ಥಳಕ್ಕೆ ಕ್ಷೇತ್ರವೆನ್ನಬಹುದು. ಒಂದೊಂದು ಕ್ಷೇತ್ರದಲ್ಲಿಯೂ ಒಂದೇ ಹೆಸರು ಬೇರೆ ಬೇರೆ ಅರ್ಥವನ್ನು ಹೊಂದಿರಬಹುದು. ಯಂತ್ರವು ಯಾವಾಗಲೂ ಯಾವುದೋ ಒಂದು ಕ್ಷೇತ್ರದಲ್ಲಿ 'ನಿಂತು' ಕೆಲಸ ಮಾಡುವುದು. ಒಂದು ಹೆಸರು ಎದುರಾದರೆ ಮೊದಲು ಅಲ್ಲಿಯೂ, ಅಲ್ಲಿಲ್ಲದಿದ್ದರೆ ಆ ಕ್ಷೇತ್ರಕ್ಕೆ ವಿಧಿಸಿದ ಹಾದಿಯಲ್ಲಿ ಮುಂದಿನ ಕ್ಷೇತ್ರಗಳಲ್ಲಿಯೂ ಹುಡುಕುವುದು. ಹೀಗೆ ಹಾದಿಯಲ್ಲಿ ದೊರೆತ ಕ್ರಿಯೆಯು ತಾನು ದೊರೆತ ಕಡೆಯಲ್ಲಿ ನಡೆಯದೆ, ಯಂತ್ರವು ನಿಂತಿರುವ ಕ್ಷೇತ್ರದಲ್ಲಿಯೇ ನಡೆಯುವುದೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಈ ನಿಯಮದಿಂದಲೇ ವರ್ಗ ಮತ್ತು ವಸ್ತು ಎಂಬ ವ್ಯವಸ್ಥೆ ಸಾಧ್ಯವಾಗಿರುವುದು. 'ಖಾತೆ' ಎಂಬ ವರ್ಗದಲ್ಲಿ 'ಕೂಡಿಸು' ಎಂಬ ಕ್ರಿಯೆಯನ್ನು ಒಮ್ಮೆ ಹೇಳಿದರೆ ಸಾಕು. ಆ ವರ್ಗದಿಂದ ಹುಟ್ಟಿಸಿದ ಒಂದೊಂದು ವಸ್ತುವೂ ಸಂಖ್ಯೆಯೇ ಹೆಸರಾದ ಒಂದು ಕ್ಷೇತ್ರ. ಅದರ ಹಾದಿಯಲ್ಲಿ 'ಖಾತೆ' ಇರುವುದು. ಆದುದರಿಂದ ಮೂರನೆಯ ಖಾತೆಯಲ್ಲಿ ನಿಂತು 'ಕೂಡಿಸು' ಎಂದರೆ ಮೂರನೆಯದರ ಮೊತ್ತವೂ, ನಾಲ್ಕನೆಯದರಲ್ಲಿ ನಿಂತು ಎಂದರೆ ನಾಲ್ಕನೆಯದರ ಮೊತ್ತವೂ ಬೆಳೆಯುವುವು.

ಬೇರೊಂದು ಕ್ಷೇತ್ರದ ಕ್ರಿಯೆಯನ್ನು ಕರೆಯಲು ಎರಡು ರೀತಿಗಳುಂಟು. ಉದಾಹರಣೆಗಳನ್ನು ಇಲ್ಲಿ ಕನ್ನಡದ ಹೆಸರುಗಳಲ್ಲಿ ಕೊಟ್ಟಿದೆ. ಯಂತ್ರಕ್ಕೆ ಅವನ್ನು ರೋಮನ್ ಅಕ್ಷರಗಳಲ್ಲಿ ಬರೆಯಬೇಕು. ಮೊದಲನೆಯದು ನೇರವಾದುದು: ಕೂಡಿಸು_3_ ಎಂದು ಕ್ಷೇತ್ರದ ಹೆಸರನ್ನು ಎರಡು ಅಡಿಗೆರೆಗಳ ನಡುವೆ ಬರೆಯುವುದು. ಎರಡನೆಯದು ಪರೋಕ್ಷ: ಮೂರು ಎಂಬ ಸಂಖ್ಯೆಯನ್ನು 'ಗಿರಾಕಿ' ಎಂಬ ನಾಮಪದದಲ್ಲಿ ಇಟ್ಟುಕೊಂಡು, ಕೂಡಿಸು__ಗಿರಾಕಿ ಎಂದು ಎರಡು ಅಡಿಗೆರೆಗಳಿಂದ ಸೇರಿಸಿ ಬರೆಯುವುದು. ಎರಡರಲ್ಲಿಯೂ ಯಂತ್ರವು ಆ ಖಾತೆಗೆ ಹೋಗಿ, ಕೆಲಸ ಮುಗಿಸಿ, ಹೊರಟಲ್ಲಿಗೇ ಹಿಂದಿರುಗುವುದು. ಕೂಡಲೇ ನಡೆಯುವ ಕ್ರಿಯೆಗೆ ಈ ಎರಡು ರೀತಿಗಳಲ್ಲಿ ಯಾವ ವ್ಯತ್ಯಾಸವೂ ತೋರದು.

ಕ್ರಿಯೆಯನ್ನು ಈಗ ನಡೆಸದೆ, ಬೇರೊಂದು ಕ್ಷೇತ್ರವು ಮುಂದೆ ನಡೆಸಲೆಂದು ಅದರ ಕೈಗೆ ಒಪ್ಪಿಸುವಾಗ ವಿಷಯ ಬೇರೆ. ಕ್ರಿಯೆಯನ್ನು ಒಪ್ಪಿಸಬೇಕಾದರೆ ಅದು ವಸ್ತುರೂಪವನ್ನು ತಾಳಬೇಕು. ಕ್ರಿಯೆ ಪ್ರಧಾನವಾಗಿ ತೋರುವ ಪದವನ್ನು ಆಖ್ಯಾತವೆಂದೂ, ವಸ್ತು ಪ್ರಧಾನವಾಗಿ ತೋರುವುದನ್ನು ನಾಮವೆಂದೂ ವಿಭಾಗಿಸಿದ ಯಾಸ್ಕನು, ಕ್ರಿಯೆಯೇ ಘನೀಭೂತವಾಗಿ ವಸ್ತುವಿನಂತಾದಾಗ ಅದನ್ನು ನಾಮದಿಂದ ಹೇಳುವರೆಂಬುದನ್ನೂ ಗುರುತಿಸಿರುವನು. ಕನ್ನಡದಲ್ಲಿ ಓಡು ಎಂಬುದು ಓಟವಾಗುವುದೂ, ನೋಡು ಎಂಬುದು ನೋಟವಾಗುವುದೂ ಇದೇ ಮಾರ್ಗ. ಜೆ ಭಾಷೆಯಲ್ಲಿಯೂ ಕ್ರಿಯಾಪದಗಳನ್ನು ಒಂದು ಸಂಯೋಜಕದಿಂದ ಕಟ್ಟಿ ನಾಮಪದವನ್ನಾಗಿ ಮಾಡಬಹುದು. ಐವರ್ಸನ್ನರು ಅದಕ್ಕೆ ಇಟ್ಟ 'ಜೆರಂಡ್' ಎಂಬ ಹೆಸರು ಕೃದಂತಭಾವನಾಮವೆಂಬುದಕ್ಕೆ ಸರಿಹೋಗುವುದು. ಈ ಭಾವನಾಮವನ್ನು ಸರಣಿಯಲ್ಲಿ ಇಡಬಹುದು, ಒಂದೆಡೆಯಿಂದ ಇನ್ನೊಂದೆಡೆಗೆ ಕೊಡಬಹುದು, ಬೇಕಾದಾಗ ಮತ್ತೆ ಕ್ರಿಯೆಯಾಗಿ ಎಬ್ಬಿಸಬಹುದು.

ಆದರೆ ಈ ಭಾವನಾಮದ ಹೊಟ್ಟೆಯಲ್ಲಿ ಏನಿದೆ ಎಂಬುದೇ ಪ್ರಶ್ನೆ. ನಾಮಪದವನ್ನು ಕೊಟ್ಟರೆ ಅದರ ಬೆಲೆಯೇ ಹೋಗುವುದು. ಹೆಸರುಳ್ಳ ಕ್ರಿಯಾಪದವನ್ನು ಕೊಟ್ಟರೆ ಹೋಗುವುದು ಹೆಸರು ಮಾತ್ರ. ಅದರ ಅರ್ಥವನ್ನು ನೋಡುವುದು ನಡೆಸುವ ಹೊತ್ತಿಗೆ, ನಡೆಸುವ ಸ್ಥಳದಲ್ಲಿ. ಇನ್ನೂ ಅರ್ಥವನ್ನೇ ಕೊಡದ ಹೆಸರನ್ನು ಕೂಡ ಯಂತ್ರವು ಕ್ರಿಯಾಪದವೆಂದೇ ಭಾವಿಸಿ ಸುಮ್ಮನೆ ಸ್ವೀಕರಿಸುವುದು. ಇದರಿಂದ ಬರೆಯುವವನಿಗೆ ಅನುಕೂಲವಿಲ್ಲದೆ ಇಲ್ಲ. ಮೊದಲು ವಾಕ್ಯವನ್ನು ಬರೆದು ಪದಕ್ಕೆ ಅರ್ಥವನ್ನು ಆಮೇಲೆ ಹೇಳಬಹುದು. ಆ ಅನುಕೂಲಕ್ಕೆ ತೆರಬೇಕಾದ ಬೆಲೆಯನ್ನು ಈಗ ನೋಡಬೇಕು.

ಗೃಹಸ್ಥನೊಬ್ಬನು ಆಳಿನ ಮೂಲಕ ಪಕ್ಕದೂರಿಗೆ 'ನನ್ನ ಕಣಜದಿಂದ ಹತ್ತು ಪಲ್ಲ ಭತ್ತವನ್ನು ಅಳೆದುಕೊಡತಕ್ಕದ್ದು' ಎಂದು ಹೇಳಿಕಳುಹಿಸಿದನೆನ್ನೋಣ. ಆಳು ಅದನ್ನು ಅಕ್ಷರಶಃ ಒಪ್ಪಿಸಿದರೂ 'ನನ್ನ' ಎಂಬುದು ಆಳಿನದಲ್ಲ, ಯಜಮಾನನದು ಎಂದು ಕೇಳಿದವರು ಪ್ರಕರಣಬಲದಿಂದ ತಿಳಿಯುವರು. ಯಂತ್ರಕ್ಕೆ ಪ್ರಕರಣಜ್ಞಾನವಿಲ್ಲ. ಅದು ಎಲ್ಲಿ ನಿಂತು ಓದುವುದೋ ಅಲ್ಲಿಯವರ ಕಣಜಕ್ಕೇ ಕೈಹಾಕುವುದು.

ಮೂರನೆಯ ಖಾತೆಯಲ್ಲಿ 100, ನಾಲ್ಕನೆಯದರಲ್ಲಿ 200 ಮೊತ್ತವಿರಲಿ. 'ವರದಿ' ಎಂಬ ಇನ್ನೊಂದು ಕ್ಷೇತ್ರದಲ್ಲಿ 'ನಡಸು' ಎಂಬ ಕ್ರಿಯೆಯಿದೆ. ತನಗೆ ಒಪ್ಪಿಸಿದ ಯಾವುದೇ ಕ್ರಿಯೆಯನ್ನು ಒಂದು ಸರಣಿಯ ಪ್ರತಿಯೊಂದು ಸಂಖ್ಯೆಗೂ ಹಚ್ಚುವುದು ಅದರ ಕೆಲಸ. 20, 30 ಎಂಬ ಎರಡು ಸಂಖ್ಯೆಗಳನ್ನು ಮೂರನೆಯ ಖಾತೆಗೆ ಸೇರಿಸಬೇಕು. ಫಲವು 150 ಆಗತಕ್ಕದ್ದು. 'ಕೂಡಿಸು' ಎಂಬ ಬರಿಯ ಹೆಸರನ್ನು ವರದಿಗೆ ಒಪ್ಪಿಸಿದರೆ ವರದಿಯಲ್ಲಿ ಆ ಹೆಸರಿಲ್ಲವಾಗಿ ಯಂತ್ರವು ದೋಷವನ್ನು ಸಾರಿ ನಿಲ್ಲುವುದು. ಇದು ಒಳ್ಳೆಯ ಗತಿ. ವರದಿಯಲ್ಲಿಯೂ ತನ್ನದೇ ಆದ 'ಕೂಡಿಸು' ಮತ್ತು 'ಮೊತ್ತ' ಇದ್ದರೆ, ಖಾತೆಯ 100 ಹಾಗೆಯೇ ಉಳಿದು ವರದಿಯ ಮೊತ್ತವು 50 ಬೆಳೆಯುವುದು. ಯಂತ್ರವು ಮಾತೇ ಆಡದು. ಇನ್ನು ಕೂಡಿಸು__ಗಿರಾಕಿ ಎಂದು ಪರೋಕ್ಷರೂಪದಲ್ಲಿ ಒಪ್ಪಿಸಿದವನು ಸ್ಥಳವನ್ನೂ ಹೇಳಿದೆನೆಂದು ನಿಶ್ಚಿಂತನಾಗಿರುವನು. ಆದರೆ 'ಗಿರಾಕಿ' ಎಂಬುದೂ ಒಂದು ಹೆಸರೇ. ವರದಿಯಲ್ಲಿ ಬೇರೆ ಕಾರ್ಯಕ್ಕಾಗಿ 'ಗಿರಾಕಿ' ಎಂಬ ಹೆಸರಿನಲ್ಲಿ ನಾಲ್ಕನ್ನು ಇಟ್ಟಿದ್ದರೆ, ಮೂರನೆಯವನ ಹಣವು ನಾಲ್ಕನೆಯವನ ಖಾತೆಗೆ ಹೋಗಿ ಅಲ್ಲಿ 250 ಆಗುವುದು. ಲೆಕ್ಕದ ಒಟ್ಟು ಮೊತ್ತ ಸರಿಯಾಗಿಯೇ ಇರುವುದರಿಂದ ತಪ್ಪು ಬೇಗನೆ ಕಣ್ಣಿಗೆ ಬೀಳುವುದೂ ಇಲ್ಲ. ಹೆಸರುಗಳ ತೊಡಕುಗಳಲ್ಲೆಲ್ಲ ಇದಕ್ಕಿಂತ ಕೆಟ್ಟದ್ದು ಇಲ್ಲವೆಂದೇ ಹೇಳಬೇಕು.

ಪರಿಹಾರಗಳಲ್ಲಿ ಸರಳವಾದುದು, ಹೊರಡುವ ಮೊದಲೇ ಪರೋಕ್ಷವನ್ನು ನೇರವನ್ನಾಗಿ ಮಾಡುವುದು. 'ಗಿರಾಕಿ'ಯಲ್ಲಿರುವ ಸಂಖ್ಯೆಯನ್ನು ತೆಗೆದು ಅಕ್ಷರಮಾಲೆಯಲ್ಲಿ ಕೂಡಿಸು_3_ ಎಂದು ಕಟ್ಟಿ ಕಳುಹಿಸಿದರೆ, ಆ ಹೆಸರನ್ನು ಎಲ್ಲಿ ಎಬ್ಬಿಸಿದರೂ ಅರ್ಥ ಒಂದೇ. ಕೆಲಸ ನಡೆಯುವ ಮೊದಲೇ ಮೂರನೆಯ ಖಾತೆಯನ್ನು ಅಳಿಸಿಬಿಟ್ಟಿದ್ದರೆ ಯಂತ್ರವು ದೋಷವನ್ನು ಸಾರುವುದು, ಅನ್ಯರ ಖಾತೆಯನ್ನು ಮುಟ್ಟದು. ವಸ್ತುವಿನ ಸಂಖ್ಯೆಯನ್ನೂ ಕ್ರಿಯೆಯ ಹೆಸರನ್ನೂ ಬೇರೆ ಬೇರೆಯಾಗಿ ಕೊಟ್ಟು, ಪಡೆದವನೇ ಅವನ್ನು ಸೇರಿಸಿಕೊಳ್ಳುವಂತೆ ಮಾಡುವುದೂ ಇದರ ಪ್ರಕಾರವೇ. ಸಂಖ್ಯೆಯು ನಾಮಪದವಾದ್ದರಿಂದ ದಾರಿಯಲ್ಲಿ ಕೆಡುವುದಿಲ್ಲ. ಹೆಸರುಗಳ ಬದಲು ಅವುಗಳ ವಿವರಣೆಯನ್ನೇ ತುಂಬಿಬಿಡುವ 'ಎಫ್' ಎಂಬಕ್ಷರದ ಮುಂದೆ ಚುಕ್ಕೆಯುಳ್ಳ ಒಂದು ಕ್ರಿಯಾವಿಶೇಷಣವೂ ಉಂಟು. ಸೂತ್ರದ ಬದಲು ಅದರ ವೃತ್ತಿಯನ್ನೇ ಕಳುಹಿಸಿದಂತೆ. ಆದರೆ ವಾಕ್ಯಗಳಾಗಿ ಬಿಡಿಸಿ ಬರೆದ ಕ್ರಿಯೆಯ ಒಡಲೊಳಗಿನ ಹೆಸರುಗಳನ್ನು ಅದು ಮುಟ್ಟದು. 'ಕೂಡಿಸು'ವಿನ ಒಡಲಲ್ಲಿರುವ 'ಮೊತ್ತ'ವು ಅನಾಥವಾಗಿಯೇ ಉಳಿಯುವುದು. ಇದನ್ನು ಈ ಕೆಲಸಕ್ಕೆ ನೆಚ್ಚದಿರುವುದು ಲೇಸು.

ವರದಿಯಲ್ಲಿರುವ 'ನಡಸು' ಎಂಬುದು ಕ್ರಿಯಾಪದವಾಗಿರದೆ ಕ್ರಿಯಾವಿಶೇಷಣವಾಗಿದ್ದರೆ ಬೇರೊಂದು ಉಪಾಯವುಂಟು. ಇಂತಹ ಪದದ ಒಡಲಲ್ಲಿ, ಅದಕ್ಕೆ ಎಡದಿಂದ ಬಂದು ಸೇರಿದ ಕ್ರಿಯೆಯನ್ನು 'ಯು' ಎಂಬ ಅಕ್ಷರದಿಂದ ಹೇಳುವರು. ಸಂಯೋಜಕದಲ್ಲಾದರೆ ಬಲದ್ದನ್ನು 'ವಿ' ಎಂಬುದರಿಂದ. ಬರಿಯ 'ಯು' ಎಂದರೆ ಬಂದ ಹೆಸರಿಗೆ ಒಡಲು ನಡೆಯುವಲ್ಲಿಯ ಅರ್ಥ. ಇದರಿಂದ ಕ್ಷೇತ್ರಭೇದದ ತೊಡಕಲ್ಲದೆ ಇನ್ನೊಂದೂ ಇತ್ತು: ಕರೆದವನು ತನ್ನ ಒಡಲಲ್ಲಿ ಖಾಸಗಿಯಾಗಿ ಇಟ್ಟುಕೊಂಡ ಹೆಸರುಗಳು ಕರೆಯಲ್ಪಟ್ಟವನಿಗೆ ಕಾಣುವುದೇ ಇಲ್ಲ. ಈ ಎರಡನ್ನೂ ಬಿಡಿಸುವುದಕ್ಕಾಗಿ ಭಾಷೆಗೆ ತರುವಾಯ ಸೇರಿಸಿದುದು ಚುಕ್ಕೆಯುಳ್ಳ 'ಯು' ಮತ್ತು 'ವಿ'. ಇವನ್ನು ಬಳಸಿದರೆ ಯಂತ್ರವು ಕರೆದವನ ಕ್ಷೇತ್ರಕ್ಕೂ ಅವನ ಖಾಸಗಿ ಹೆಸರುಗಳಿಗೂ ಹಿಂದಿರುಗಿ, ಅಲ್ಲಿ ನಿಂತು ಕ್ರಿಯೆಯನ್ನು ನಡೆಸಿ, ಮತ್ತೆ ಬರುವುದು. ಕನ್ನಡದಲ್ಲಿ 'ತನ್ನ ಕಣಜದಿಂದ ಅಳೆಯಬೇಕೆಂದು ಯಜಮಾನನು ಹೇಳಿದನು' ಎಂದರೆ 'ತನ್ನ' ಎಂಬುದು ಎಷ್ಟು ಬಾಯಿಗಳನ್ನು ದಾಟಿ ಬಂದರೂ ಯಜಮಾನನನ್ನೇ ಹಿಡಿದಿರುವುದಷ್ಟೆ. ಬರಿಯ 'ಯು' ಎಂಬುದು 'ನನ್ನ' ಎಂಬುದಕ್ಕೂ, ಚುಕ್ಕೆಯುಳ್ಳದ್ದು 'ತನ್ನ' ಎಂಬುದಕ್ಕೂ ಸಮಾನವೆಂದರೆ ಭೇದವು ಸ್ಪಷ್ಟವಾಗುವುದು. ಆತ್ಮಾರ್ಥಕ ಸರ್ವನಾಮದ ಪಾಠವನ್ನು ಹೇಳುವ ಉಪಾಧ್ಯಾಯರಿಗೆ ಇದಕ್ಕಿಂತ ಚೆನ್ನಾದ ದೃಷ್ಟಾಂತ ಸುಲಭವಾಗಿ ಸಿಕ್ಕಲಾರದು.

ಈ ಚುಕ್ಕೆಯ ಸಹಾಯವು ಕ್ರಿಯೆಯು ಕ್ರಿಯೆಯಾಗಿಯೇ ವಿಶೇಷಣಕ್ಕಾಗಲಿ ಸಂಯೋಜಕಕ್ಕಾಗಲಿ ಸೇರಿದಾಗ ಮಾತ್ರ. ಭಾವನಾಮವಾಗಿ ಸರಣಿಯಲ್ಲಿ ಕಟ್ಟಿಟ್ಟು ಮುಂದೆಂದೋ ಎಬ್ಬಿಸುವ ಕ್ರಿಯೆಗೆ ಕರೆದವನ ನೆನಪೇ ಇರುವುದಿಲ್ಲ; ಅಲ್ಲಿ ಹೆಸರಿನೊಳಗೇ ಕ್ಷೇತ್ರದ ಸಂಖ್ಯೆಯನ್ನು ಬರೆದು ಕಳುಹಿಸಬೇಕು.